ಯಜಮಾನಿ ಕೇಳಿದ ಸೆವಿಚೆ

ಜನವರಿ 9

ಅಕ್ಕನ ಮಗಳು ಚಿನಕುರಳಿಗೆ ಮಾವನ ಆಶೀರ್ವಾದಗಳು.

ನಾನು ಇಲ್ಲಿ ಒದ್ದೆ ಅಂಗಿಯೊಳಗೆ ಆರಾಮಾಗಿದ್ದೇನೆ. ನೀನು ಅಲ್ಲಿ ಒಣ ಅಂಗಿಯೊಳಗೆ ಹೇಗಿದ್ದೀಯೋ ಎಂಬುದೇ ಚಿಂತೆ. ನಿನ್ನ ಕಾಗದವನ್ನು ಮೀನಿನವನು ತಂದುಕೊಟ್ಟ. ಬುಟ್ಟಿಯ ತಳದಲ್ಲಿಟ್ಟು ತಂದಿದ್ದರಿಂದ ಅದನ್ನು ಮೊದಲು ಮೂಗು ಓದಿತು, ಆಮೇಲೆ ಕಣ್ಣು ಓದಿತು.

ನೀನು ಬರೆದದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ನಿನ್ನ ಯಜಮಾನಿಗೆ ವಯಸ್ಸಾಗಿದೆ, ಹಿಂದೆ ಮುಂದೆ ಯಾರೂ ಇಲ್ಲ. ಮನೆ ಏಳನೇ ಮಹಡಿಯಲ್ಲಿ. ಫೋನಿನ ಗಂಟೆ ಕೇಳಿದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತದೆ, ಆದ್ದರಿಂದ ಮನೆಯಲ್ಲಿ ಫೋನು ಕೂಡದು. ಬಾಗಿಲಿನ ಕೀಲಿ ಅವರ ಕೊರಳಿನ ದಾರದಲ್ಲಿ ತೂಗುತ್ತದೆ. ಮೀನಿನವನು ಬಂದಾಗ ಮಾತ್ರ ಬಾಗಿಲು ತೆರೆಯುತ್ತದೆ. ಆಗಲೂ ಅವರು ಕುರ್ಚಿ ಎಳೆದುಕೊಂಡು ಬಂದು ಹೊಸ್ತಿಲಿಗೆ ಅಡ್ಡ ಕೂರುತ್ತಾರೆ. ನಿನ್ನ ಗೆಳತಿ ಬೇಕರಿ ತೆರೆಯುತ್ತಿದ್ದಾಳೆ. ಒಲೆಯ ಮುಂದೆ ನೀನೇ ಬೇಕು ಎನ್ನುತ್ತಿದ್ದಾಳೆ. ಮಾರ್ಚ್ ಮುಗಿಯುವವರೆಗೆ ಕಾಯುತ್ತಾಳೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತಾಳೆ. 'ನನ್ನನ್ನು ಬಿಟ್ಟುಬಿಡಿ ಅಮ್ಮ' ಎಂದು ನೀನು ಕೇಳಿದ್ದಕ್ಕೆ ಯಜಮಾನಿ ಹೇಳಿದ್ದು ಇಷ್ಟು: "ನಾನು ಹುಡುಗಿಯಾಗಿದ್ದಾಗ ನಮ್ಮಪ್ಪ ಸೆವಿಚೆ ಮಾಡ್ತಿದ್ರು. ಅದನ್ನ ಒಂದೇ ಒಂದ್ಸಲ ತಿನ್ನಿಸು. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು."

'ಮಾವ, ಸೆವಿಚೆ ಗೊತ್ತಾ ನಿನಗೆ?' ಎಂದು ಕೇಳಿದ್ದೀಯ. ಯಾರನ್ನು ಕೇಳುತ್ತಿದ್ದೀಯ ಎಂಬ ಎಚ್ಚರವಿದೆಯೇ? ಈ ನಗರದಲ್ಲಿ ಐಸ್ ಗಾಡಿ ಓಡಿಸುವವರು ಬೇಕಾದಷ್ಟು ಮಂದಿ. ಆದರೆ ಹಿಂಬಾಗಿಲಿನಿಂದ ಹೋಗಿ ಮುಂಬಾಗಿಲಿನ ಮರ್ಯಾದೆ ಪಡೆದು ಬರುವವನು ನಾನೊಬ್ಬನೇ. ನಾನು ಹೋಗದ ಹೋಟೆಲಿನ ಅಡುಗೆಮನೆ ಇಲ್ಲ. ಒಂದು ಗಡ್ಡೆ ಐಸನ್ನು ಹೆಚ್ಚಿಗೆ ಇಳಿಸಿ "ಏನಪ್ಪಾ ವಿಶೇಷ ಇವತ್ತು?" ಎಂದರೆ ತಟ್ಟೆ ತಾನಾಗಿ ಬರುತ್ತದೆ. ಊರಿನ ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಎರಡು ವರ್ಷ ಒಂದೇ ಕ್ಲಾಸಿನಲ್ಲಿ ಇಟ್ಟುಕೊಂಡದ್ದು ನಾನು ದಡ್ಡನೆಂದಲ್ಲ, ನನ್ನನ್ನು ಬಿಟ್ಟಿರಲಾರದೆ.

ಹಸಿ ಮೀನನ್ನು ಚೂರು ಮಾಡಿ, ಈರುಳ್ಳಿ, ಮೆಣಸಿನಕಾಯಿ, ಉಪ್ಪು ಸೇರಿಸಿ ನಿಂಬೆರಸದಲ್ಲಿ ನೆನೆಸುವುದು. ಬೆಂಕಿ ಸೋಕದೆಯೇ ಮೀನು ಬೆಳ್ಳಗಾಗುವುದು. ಇಷ್ಟೇ ನಿನ್ನ ಸೆವಿಚೆ. ನಿನ್ನೆಯೇ ಚೌಕದ ಗಾಜಿನ ಹೋಟೆಲಿನಲ್ಲಿ ತಿಂದೆ. ಕುಡಿಯುವ ಗ್ಲಾಸಿನಲ್ಲಿ ಕೊಟ್ಟರು. ತಳದಲ್ಲಿ ಉಗುರಿನಷ್ಟು ಮೀನು, ಮೇಲೆ ಒಂದು ಹೂವು. ಹೂವನ್ನು ಮುಡಿಯಬೇಕೋ ತಿನ್ನಬೇಕೋ ತಿಳಿಯದೆ ಕಿವಿಗೆ ಸಿಕ್ಕಿಸಿಕೊಂಡು ಬಂದೆ. ಹಾಗೆ ಮಾಡು, ಹೂವು ಬೇಡ.

ಈ ತಿಂಗಳೇ ನಿನ್ನನ್ನು ಹೊರಗೆ ತರುತ್ತೇನೆ. ಮಾವನ ಮಾತು.

ಇಂತಿ,
ಐಸಿನ ಅಧಿಪತಿ,
ನಿನ್ನ ಮಾವ


ಜನವರಿ 22

ಮಾವನಿಗೆ,

ನೀನು ಹೇಳಿದ ಹಾಗೆ ಮಾಡಿದೆ. ಯಜಮಾನಿ ಒಂದು ಚೂರು ಬಾಯಿಗಿಟ್ಟು, ಅಂಗೈಗೆ ಉಗಿದು, ಅದನ್ನು ನನ್ನ ಅಂಗೈಗೆ ಕೊಟ್ಟರು. "ಇದಲ್ಲ" ಎಂದರು. ಮತ್ತೆ ಹೇಗಿತ್ತು ಅಮ್ಮ ಎಂದರೆ, "ತಿಂದ್ರೆ ಗೊತ್ತಾಗುತ್ತೆ" ಎನ್ನುತ್ತಾರೆ. ಯಾರು ತಿಂದರೆ, ಯಾರಿಗೆ ಗೊತ್ತಾಗುತ್ತದೆ?

ನಿನಗೆ ಈ ಮನೆ ಗೊತ್ತಿಲ್ಲ. ಅಡುಗೆಮನೆಯ ಕಿಟಕಿಯಿಂದ ಎದುರು ಕಟ್ಟಡದ ನೀರಿನ ಕೊಳವೆಗಳು ಕಾಣುತ್ತವೆ. ಮಲಗುವ ಕೋಣೆಯ ಕಿಟಕಿಯಿಂದ ಅದೇ ಕೊಳವೆಗಳ ಇನ್ನೊಂದು ಮಗ್ಗುಲು. ಯಾವ ಕೊಳವೆ ಎಲ್ಲಿ ಸೋರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಬಟ್ಟೆ ಒಣಗಿಸಲು ಹೋಗುವ ಜಾಗಕ್ಕೂ ಕಂಬಿಗಳಿವೆ. ಕಂಬಿಯ ಸಂದಿಯಲ್ಲಿ ಕೈ ಹೊರಗೆ ಹಾಕಿದರೆ ಬೀದಿಯ ಗಾಳಿ ಮೊಣಕೈವರೆಗೆ ಬರುತ್ತದೆ.

ಬಾಗಿಲು ಮುರಿದು ಕರೆದುಕೊಂಡು ಹೋಗುತ್ತೇನೆಂದು ಮೀನಿನವನ ಹತ್ತಿರ ಬಡಾಯಿ ಕೊಚ್ಚಿದೆಯಂತೆ. ಬೇಡ. ಬಾಗಿಲು ತೆರೆದೇ ಇರುತ್ತದೆ ಮಾವ, ಮೀನಿನವನು ಬಂದಾಗ. ಕುರ್ಚಿಯ ಮೇಲೆ ಅವರು ಕೂತಿರುತ್ತಾರೆ, ಅಷ್ಟೇ. ಕಾಲುಗಳು ನೆಲಕ್ಕೆ ಸರಿಯಾಗಿ ತಾಗುವುದೂ ಇಲ್ಲ. ಅವರನ್ನು ತಳ್ಳಬೇಕು, ಇಲ್ಲವೇ ದಾಟಬೇಕು. ಎರಡಕ್ಕೂ ನನ್ನ ಕಾಲು ಏಳುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು.

ಅವರಿಗೆ ಅವರಪ್ಪನ ಆ ಸೆವಿಚೆ ಸಿಗಬೇಕು. ಸಿಕ್ಕಿದರೆ ಅವರೇ ಏಳುತ್ತಾರೆ. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ನಿಂಬೆರಸದಲ್ಲಿ ಎಷ್ಟು ಹೊತ್ತು ನೆನೆಸಬೇಕೆಂದು ನೀನು ಬರೆದೇ ಇಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ಪ್ರಾಣವೇನೂ ಹೋಗುವುದಿಲ್ಲ.

ಚಿನಕುರಳಿ


ಫೆಬ್ರವರಿ 11

ಚಿನಕುರಳಿಗೆ,

ಗೊತ್ತಿಲ್ಲವಂತೆ! ನನಗೆ! ಈ ಅವಮಾನವನ್ನು ನುಂಗಿಕೊಂಡು, ಅದರ ಮೇಲೆ ಇಡೀ ನಗರದ ಸೆವಿಚೆಯನ್ನೂ ನುಂಗಿ ಬಂದಿದ್ದೇನೆ. ಹೊಟ್ಟೆಯೊಳಗೆ ಈಗ ಒಂದು ನಿಂಬೆ ತೋಟವೇ ಇದೆ.

ಬಂದರಿನ ಹತ್ತಿರದ ದೊಡ್ಡ ಹೋಟೆಲಿನಲ್ಲಿ ಮೀನು ಚೆನ್ನಾಗಿತ್ತು, ಆದರೆ ಅಡುಗೆಯವನು ಉಪ್ಪನ್ನು ಸಿಟ್ಟಿನಲ್ಲಿ ಹಾಕಿದ್ದ. ಅವನಿಗೆ ಹೆಂಡತಿಯ ಜೊತೆ ಜಗಳವಂತೆ. ಬಸ್ ನಿಲ್ದಾಣದ ಪಕ್ಕದವನು ನಿಂಬೆಯ ಬದಲು ಬಾಟಲಿ ರಸ ಹಾಕುತ್ತಾನೆ. ಚಮಚ ಬಾಯಿಗಿಟ್ಟೊಡನೆ ಪಾತ್ರೆ ತೊಳೆಯುವ ನೆನಪಾಯಿತು. ಆಸ್ಪತ್ರೆ ರಸ್ತೆಯ ಹೋಟೆಲಿನಲ್ಲಿ ನನ್ನನ್ನು ಗುರುತಿಸದೆ ದುಡ್ಡು ಕೇಳಿದರು. ಅಲ್ಲಿಗೆ ಇನ್ನು ಮುಂದೆ ಕರಗಿದ ಐಸೇ ಗತಿ.

ಕೊನೆಗೆ ಸಿಕ್ಕಿತು. ದರ್ಜಿ ಅಂಗಡಿಗಳ ಸಂದಿಯಲ್ಲಿ ನಾಲ್ಕೇ ಮೇಜಿನ ಒಂದು ಜಾಗ. ಅಡುಗೆಯಾಕೆಯೇ ಮಾಲೀಕಳು, ಬಡಿಸುವವಳೂ ಅವಳೇ. ಮೀನನ್ನು ನನ್ನ ಕಣ್ಣೆದುರೇ ಕೊಯ್ದಳು. ಬಟ್ಟಲನ್ನು ನನ್ನ ಐಸಿನ ಮೇಲೆ ಇಟ್ಟಿದ್ದಳು.

"ಎಷ್ಟು ಹೊತ್ತು ನೆನೆಸ್ತೀಯಮ್ಮಾ?" ಎಂದೆ.

"ನೀವು ಕೈ ತೊಳ್ಕೊಂಡು ಬರೋವಷ್ಟು ಹೊತ್ತು."

"ನಾನು ನಿಧಾನವಾಗಿ ತೊಳ್ಕೊಳೋನು."

"ಹಾಗಾದ್ರೆ ಮೀನು ಕೆಟ್ಟಿತು. ಬೇಗ ಬನ್ನಿ."

ಬಂದೆ. ತಿಂದೆ. ಮಗಳೇ, ತಮಾಷೆ ಬಿಟ್ಟು ಹೇಳುತ್ತೇನೆ. ಮೀನಿನ ಅಂಚು ಬೆಳ್ಳಗಾಗಿತ್ತು, ನಡುವೆ ಇನ್ನೂ ಗಾಜಿನ ಹಾಗೆ ಹೊಳೆಯುತ್ತಿತ್ತು. ಹುಳಿ ಮೊದಲು ಬಂತು, ಖಾರ ಅದರ ಹಿಂದೆಯೇ ಓಡಿ ಬಂತು, ಇಬ್ಬರೂ ಹೋದ ಮೇಲೆ ಮೀನಿನ ಸಿಹಿ ಒಂದೇ ನಿಧಾನವಾಗಿ ನಡೆದುಕೊಂಡು ಬಂತು. ನಾನು ಕಣ್ಣು ಮುಚ್ಚಿ ಚಮಚ ಕಚ್ಚಿಕೊಂಡೇ ಕೂತೆ. ಅಡುಗೆಯಾಕೆ ಗಾಬರಿಯಾಗಿ "ಮುಳ್ಳು ಸಿಕ್ಕಿತಾ?" ಎಂದಳು.

ಮಾಡುವ ಕ್ರಮವನ್ನು ಇದರ ಹಿಂದೆ ಬರೆದಿದ್ದೇನೆ. ಮೀನಿನವನಿಗೆ ಒಳ್ಳೆಯ ಮೀನು ಕೊಡಲು ಹೇಳಿದ್ದೇನೆ, ಐಸು ನನ್ನದು. ಇದನ್ನು ತಿಂದ ಮೇಲೂ ನಿನ್ನ ಮಹಾರಾಣಿ ಕುರ್ಚಿಯಿಂದ ಏಳದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ. ಚೀಲ ಕಟ್ಟಿಟ್ಟುಕೊ.

ಗೆದ್ದವನು,
ಮಾವ


ಮಾರ್ಚ್ 2

ಮಾವ,

ಮೀಸೆ ಬೋಳಿಸು.

ನಾನು ಇದುವರೆಗೆ ಮಾಡಿದ ಅಡುಗೆಯಲ್ಲೆಲ್ಲ ಅದೇ ಚೆನ್ನಾಗಿತ್ತು. ಯಜಮಾನಿ ಬಟ್ಟಲು ಖಾಲಿ ಮಾಡಿದರು. ಬಾಯಿ ಒರೆಸಿಕೊಂಡು, "ತುಂಬ ಚೆನ್ನಾಗಿದೆ ಕಣೆ. ಆದ್ರೆ ಇದಲ್ಲ" ಎಂದರು. ಸುಳ್ಳು ಹೇಳುತ್ತಿದ್ದಾರೇನೋ ಎಂದು ಅವರ ಕಣ್ಣು ನೋಡಿದೆ. ಸುಳ್ಳಾಗಿರಲಿಲ್ಲ. ಅದಕ್ಕೇ ನನಗೆ ಭಯವಾದದ್ದು.

ಚೀಲ ಕಟ್ಟಿಟ್ಟಿದ್ದೆ. ಬಿಚ್ಚಿದೆ. ಬಿಚ್ಚುವಾಗ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಮಡಿಸಲು ಸಹಾಯ ಮಾಡಿದರು.

ಈಚೆಗೆ ಒಂದು ಅಭ್ಯಾಸವಾಗಿದೆ. ಕೆಲಸದ ನಡುವೆ ಹೋಗಿ ಬಾಗಿಲಿನ ಹಿಡಿಯನ್ನು ಮುಟ್ಟಿ ಬರುತ್ತೇನೆ. ಎಳೆಯುವುದಿಲ್ಲ, ಮುಟ್ಟುತ್ತೇನೆ ಅಷ್ಟೇ. ಬೇಕರಿಗೆ ಒಲೆ ಬಂದಿದೆಯಂತೆ. ಗೆಳತಿ ಮೀನಿನವನ ಹತ್ತಿರ ಕೇಳಿ ಕಳಿಸಿದ್ದಳು, 'ಬರ್ತಾಳಾ ಇಲ್ವಾ, ಒಂದು ಮಾತು ಹೇಳು ಅನ್ನಿ' ಎಂದು. ಏನೆಂದು ಹೇಳಲಿ?

ಇನ್ನು ಯಾವ ಹೋಟೆಲು ಉಳಿದಿದೆ?

ಚಿನಕುರಳಿ


ಮಾರ್ಚ್ 14

ಚಿನಕುರಳಿಗೆ,

ಮೀಸೆ ಹೋಯಿತು. ಐಸ್ ಕಾರ್ಖಾನೆಯ ಕಾವಲುಗಾರ ನನ್ನನ್ನು ಒಳಗೆ ಬಿಡಲಿಲ್ಲ. ದನಿ ಕೇಳಿದ ಮೇಲೆ "ಓ, ನೀವಾ! ಬಾಯಿ ಮಾತ್ರ ಹಾಗೇ ಇದೆ" ಎಂದ.

ನನಗೆ ಈಗ ನಿನ್ನ ಯಜಮಾನಿಯ ಮೇಲೆ ಬಂದಿರುವುದು ನಿಜವಾದ ಸಿಟ್ಟು. ನಗರದ ಅತ್ಯುತ್ತಮ ಸೆವಿಚೆಗೆ 'ಇದಲ್ಲ' ಎನ್ನುವವರಿಗೆ ಏನು ಕೊಡಬೇಕೆಂದು ನನಗೆ ಗೊತ್ತು. ಅತ್ಯಂತ ಕೆಟ್ಟದ್ದನ್ನು ಕೊಡಬೇಕು. ಮೀನು ಮಾರುಕಟ್ಟೆಯ ಹಿಂದೆ ಒಬ್ಬ ಸೋಮಾರಿ ಅಡುಗೆಯವನಿದ್ದಾನೆ. ಬೆಳಿಗ್ಗೆ ಮೀನನ್ನು ನಿಂಬೆರಸಕ್ಕೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ಮಲಗುತ್ತಾನೆ. ಸಂಜೆ ಎದ್ದು ಬಡಿಸುತ್ತಾನೆ. ಅಷ್ಟರಲ್ಲಿ ಮೀನು ಒಳಗೂ ಹೊರಗೂ ಸುಣ್ಣದ ಬಿಳಿ. ಈರುಳ್ಳಿ ಸತ್ತಿರುತ್ತದೆ.

"ಏನಯ್ಯಾ, ಇದು ಮೀನೋ, ನನ್ನ ಗಾಡಿ ಚಕ್ರನೋ?" ಎಂದೆ.

"ಹಲ್ಲಿರೋರು ತಿಂತಾರೆ. ಇಲ್ದೋರು ಗೊಣಗ್ತಾರೆ."

ಅದನ್ನೇ ಒಂದು ಡಬ್ಬಿ ತುಂಬಿಸಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. 'ನಗರದ ದೊಡ್ಡ ಬಾಣಸಿಗ ನಿಮಗಾಗಿಯೇ ಮಾಡಿದ್ದು' ಎಂದು ಹೇಳಿ ಕೊಡು. ಒಂದು ಸಲ ಅಗಿಯಲಿ. ದವಡೆ ನೋಯಲಿ. ಸೆವಿಚೆ ಎಂಬ ಹೆಸರನ್ನೇ ಎತ್ತಬಾರದು, ಹಾಗಾಗಬೇಕು. ಆಮೇಲೆ 'ಇನ್ನೇನು ಅಮ್ಮ, ಎಲ್ಲ ಹೋಟೆಲೂ ಮುಗಿಯಿತು, ಕೀಲಿ ಕೊಡಿ' ಎಂದು ಕೈ ಚಾಚು. ಮುಖ ಗಂಭೀರವಾಗಿರಲಿ, ನಗಬೇಡ.

ಉಪಾಯದ ಗಣಿ,
ಮಾವ (ಮೀಸೆಯಿಲ್ಲದವನು)


ಮಾರ್ಚ್ 18

ಮಾವ,

ಅದೇ.

ನಿನ್ನ ಡಬ್ಬಿಯಲ್ಲಿದ್ದದ್ದೇ ಅದು. ಮೊದಲ ಚೂರನ್ನು ಬಾಯಿಗಿಟ್ಟು ಅಗಿಯುತ್ತಲೇ ಇದ್ದರು. ನಾನು ನಗು ತಡೆದುಕೊಂಡು ನಿಂತಿದ್ದೆ. ಅಗಿಯುತ್ತ ಅಗಿಯುತ್ತ ಅವರ ಕಣ್ಣಲ್ಲಿ ನೀರು ಸುರಿಯತೊಡಗಿತು. ಖಾರವೆಂದುಕೊಂಡೆ. ಡಬ್ಬಿಯ ತಳವನ್ನು ಬೆರಳಿನಲ್ಲಿ ಸವರಿ ನೆಕ್ಕಿದರು.

ಅವರಪ್ಪ ದೋಣಿ ರಿಪೇರಿ ಮಾಡುತ್ತಿದ್ದರಂತೆ. ತಾಯಿ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮೀನನ್ನು ನಿಂಬೆರಸಕ್ಕೆ ಹಾಕಿ, ತಟ್ಟೆ ಮುಚ್ಚಿ, ಮಗಳನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. "ಇಡೀ ದಿನ ಬಾಗಿಲ ಹತ್ರಾನೇ ಕೂತಿರ್ತಿದ್ದೆ ಕಣೆ. ಬೀಗ ತೆಗೆದ ಸದ್ದು ಕೇಳಿಸ್ತು ಅಂದ್ರೆ ಊಟ. ಅಪ್ಪನೂ ನಾನೂ ಒಂದೇ ಬಟ್ಟಲಲ್ಲಿ" ಎಂದರು. ಅಷ್ಟು ಹೊತ್ತಿಗೆ ಮೀನು ಗಟ್ಟಿಯಾಗಿರುತ್ತಿತ್ತು. ಸೆವಿಚೆ ಎಂದರೆ ಹಾಗೆಯೇ ಎಂದು ಅವರು ತಿಳಿದಿದ್ದರು.

ನಾನು ಕೈ ಚಾಚಿದೆ. "ಅಮ್ಮ, ಮಾತು ಕೊಟ್ಟಿದ್ರಿ."

ಅವರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಇಷ್ಟು ವರ್ಷ ಆದ್ಮೇಲೆ ಇದನ್ನ ತಿನ್ನಿಸಿದೋಳನ್ನ ಯಾರಾದ್ರೂ ಬಿಡ್ತಾರಾ? ನೀನೇ ಹೇಳು."

ಅವರು ಕೆಟ್ಟವರಾಗಿದ್ದರೆ ಎಂದೋ ದಾಟಿ ಬಂದಿರುತ್ತಿದ್ದೆ. ಈಗ ನನ್ನನ್ನು ಮಗಳೇ ಎಂದು ಕರೆಯುತ್ತಾರೆ. ಕುರ್ಚಿಯನ್ನು ಬಾಗಿಲ ಹತ್ತಿರವೇ ಬಿಟ್ಟಿದ್ದಾರೆ, ಎಳೆಯುವ ಕಷ್ಟ ಬೇಡವೆಂದು. ಈ ತಿಂಗಳು ಮುಗಿದರೆ ಬೇಕರಿಯೂ ಮುಗಿಯಿತು. ಆಮೇಲೆ ಇವರ ಜೊತೆಯಲ್ಲೇ ನಾನೂ ಮುದುಕಿಯಾಗಿ, ಇದೇ ಕುರ್ಚಿಯಲ್ಲಿ ಯಾರಿಗೋ ಅಡ್ಡ ಕೂರುತ್ತೇನೆ. ನಗಬೇಡ. ನಾನು ಆ ಕುರ್ಚಿಯಲ್ಲಿ ಕೂತು ನೋಡಿದೆ. ಹಿತವಾಗಿದೆ.

ಇನ್ನು ಏನನ್ನೂ ಕಳಿಸಬೇಡ.

ಚಿನಕುರಳಿ


ಮಾರ್ಚ್ 20

ಚಿನಕುರಳಿಗೆ,

ಆ ಕುರ್ಚಿಯಲ್ಲಿ ಇನ್ನೊಮ್ಮೆ ಕೂರಬೇಡ. ಇದು ಮಾವನ ಆಜ್ಞೆ.

ನಾಡಿದ್ದು ಮೀನಿನವನ ಬದಲು ನಾನೇ ಬರುತ್ತೇನೆ. ಆ ಸೆವಿಚೆ ಮಾಡಿದ ದೊಡ್ಡ ಬಾಣಸಿಗ ನಾನೇ ಎಂದು ಹೇಳುತ್ತೇನೆ. ಎದುರಿಗಿದ್ದವರ ಕಿವಿಗೆ ಹೂವಿಡುವುದರಲ್ಲಿ ನನ್ನನ್ನು ಮೀರಿಸಿದವರು ಹುಟ್ಟಿಲ್ಲ. ಮಾತಿನಲ್ಲೇ ಅವರನ್ನು ಕುರ್ಚಿಯಿಂದ ಎಬ್ಬಿಸಿ ಅಡುಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಕುರ್ಚಿ ಖಾಲಿಯಾದದ್ದು ಕಂಡ ತಕ್ಷಣ ನಡೆ. ಚೀಲ ಬೇಡ. ಚಪ್ಪಲಿ ಕೈಯಲ್ಲಿರಲಿ. ಹಿಂದೆ ತಿರುಗಬೇಡ, ನನಗಾಗಿ ಕಾಯಬೇಡ. ನಾನು ಹೇಗೋ ಜಾರಿಕೊಂಡು ಬರುತ್ತೇನೆ. ಐಸಿನ ಜೊತೆ ಇದ್ದವನಿಗೆ ಜಾರುವುದನ್ನು ಕಲಿಸಬೇಕೇ?

ಮಾವ


ಮೇ 8

ಚಿನಕುರಳಿಗೆ ಮಾವನ ಆಶೀರ್ವಾದಗಳು.

ನೀನು ಮೀನಿನವನ ಕೈಯಲ್ಲಿ ಕಳಿಸಿದ ಬ್ರೆಡ್ಡು ಬಂತು. ಮೀನಿನ ವಾಸನೆಯ ಬ್ರೆಡ್ಡನ್ನು ಜಗತ್ತಿನಲ್ಲಿ ಮೊದಲು ತಿಂದವರು ನಾವಿಬ್ಬರೇ ಇರಬೇಕು. ಜೊತೆಗೆ ಕಾಗದವಿರಲಿಲ್ಲ. ಹಿಟ್ಟಿನ ಕೈಯಲ್ಲಿ ಬರೆಯುವುದು ಕಷ್ಟವೆಂದು ನನಗೆ ಗೊತ್ತು. ಏನು ಬರೆಯಬೇಕೆಂದು ತಿಳಿಯದಿದ್ದರೆ ಇನ್ನೂ ಕಷ್ಟ. ಅದೂ ಗೊತ್ತು.

ಮಾವ ಇನ್ನೂ ಯಾಕೆ ಬಂದಿಲ್ಲ ಎಂದು ನೀನು ಮೀನಿನವನನ್ನು ಪ್ರತಿ ಸಲ ಕೇಳುತ್ತೀಯಂತೆ. ಅವನು 'ಆರಾಮಾಗಿದ್ದಾರೆ, ದಪ್ಪ ಆಗಿದ್ದಾರೆ' ಎಂದನಂತೆ. ದಪ್ಪ ಆಗಿರುವುದು ಸುಳ್ಳು.

ಆ ದಿನದ್ದನ್ನು ಹೇಳುತ್ತೇನೆ. ನೀನು ಬೆನ್ನು ತಿರುಗಿಸಿ ಹೋದ ಮೇಲಿನದ್ದು ನಿನಗೆ ಗೊತ್ತಿಲ್ಲವಲ್ಲ. ಯಜಮಾನಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೀನು ಕೊಯ್ಯುತ್ತ ಏನೇನು ಹೇಳಿದೆ ಕೇಳು. ಹಡಗಿನಲ್ಲಿ ಅಡುಗೆ ಮಾಡಿದೆ ಎಂದೆ. ಮಂತ್ರಿಗಳು ನನ್ನ ಕೈ ಕುಲುಕಿದರು ಎಂದೆ. ಅವರು ಒಂದಕ್ಕೂ 'ಹೌದಾ' ಎನ್ನಲಿಲ್ಲ, ಸುಮ್ಮನೆ ನಿಂಬೆಹಣ್ಣು ಹಿಂಡುತ್ತಿದ್ದರು. ನಿನ್ನ ಹೆಜ್ಜೆ ಸದ್ದು ಹೊಸ್ತಿಲು ದಾಟಿದ್ದು ನನಗೆ ಕೇಳಿಸಿತು. ಅವರಿಗೆ ಕೇಳಿಸಬಾರದೆಂದು ನಾನು ಚಾಕುವನ್ನು ಹಲಗೆಯ ಮೇಲೆ ಜೋರಾಗಿ ಕುಟ್ಟಿದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಕೈ ತೊಳೆದುಕೊಂಡು ಹೋಗಿ ಬಾಗಿಲಿಗೆ ಬೀಗ ಹಾಕಿ ಬಂದರು. ಮೀನಿಗೆ ತಟ್ಟೆ ಮುಚ್ಚಿದರು. "ಸಂಜೆ ತಿನ್ನೋಣ. ನೀನೂ ಇರು" ಎಂದರು.

ಒಂದು ದಿನ ಎಂದುಕೊಂಡೆ. ಎರಡನೆಯ ದಿನ ಜಾರಿಕೊಳ್ಳೋಣವೆಂದಿದ್ದೆ. ಇಲ್ಲೊಂದು ಕೊಳವೆ ಸೋರುತ್ತಿತ್ತು, ಕಟ್ಟಿಕೊಟ್ಟು ಹೋಗೋಣವೆಂದೆ. ಐಸ್ ಗಾಡಿಯನ್ನು ಬೇರೆ ಯಾರಿಗೋ ಕೊಟ್ಟರಂತೆ. ಕೊಡಲಿ ಬಿಡು, ಹಿಂಬಾಗಿಲಿನ ಹೋಟೆಲುಗಳೆಲ್ಲ ಅವನಿಗೆ ಸಿಕ್ಕವು. ನಾಲ್ಕು ಮೇಜಿನಾಕೆಯ ಸೆವಿಚೆ ಮಾತ್ರ ಅವನ ಪಾಲಾಯಿತಲ್ಲ ಎಂದು ಕೆಲವೊಮ್ಮೆ ಹೊಟ್ಟೆ ಉರಿಯುತ್ತದೆ.

ಕಳೆದ ವಾರ ನನಗೆ ತಡೆಯಲಾಗಲಿಲ್ಲ. ನನ್ನ ಜಾಣತನ ಒಬ್ಬರಿಗಾದರೂ ಗೊತ್ತಾಗಬೇಡವೇ? ಊಟ ಮಾಡುವಾಗ ಹೇಳಿಯೇಬಿಟ್ಟೆ. "ಅವತ್ತು ನಿಮ್ಮನ್ನ ಹೇಗೆ ಯಾಮಾರಿಸ್ದೆ ನೋಡಿ. ನೀವು ನಿಂಬೆಹಣ್ಣು ಹಿಂಡ್ತಾ ಇದ್ರಿ, ಹುಡುಗಿ ಹಾಗೇ ಹೋಗಿಬಿಟ್ಲು. ಗೊತ್ತೇ ಆಗ್ಲಿಲ್ಲ ನಿಮಗೆ."

ಅವರು ಅಗಿಯುವುದನ್ನು ನಿಲ್ಲಿಸಲಿಲ್ಲ. "ಕುರ್ಚಿಯಿಂದ ಎದ್ದೆನಲ್ಲ. ಯಾಕೆ ಎದ್ದೆ ಅಂದ್ಕೊಂಡೆ?" ಎಂದರು.

ಎತ್ತಿದ ತುತ್ತನ್ನು ನಾನು ತಟ್ಟೆಗೆ ಇಳಿಸಿದೆ. ನಂಬು, ನಂಬದೆ ಹೋಗು.

ಅವರೇ ಮುಂದುವರಿಸಿದರು. "ಅವಳು ಚೀಲ ಬಿಚ್ಚಿದ್ದು ನೋಡಿದ್ದೆ. ಬಾಗಿಲ ಹಿಡಿ ಮುಟ್ಟೋದನ್ನೂ ನೋಡ್ತಿದ್ದೆ. ಬಿಡ್ಬೇಕು ಅಂತ ಗೊತ್ತಿತ್ತು. ಒಬ್ಳೇ ಇರೋ ಧೈರ್ಯ ಬರ್ಲಿಲ್ಲ. ನೀನು ಬಂದೆ, ಬೊಗಳೆ ಬಿಟ್ಕೊಂಡು. ಇವನು ಇರ್ತಾನೆ ಅನ್ನಿಸ್ತು, ಎದ್ದೆ."

ಅಷ್ಟು ಹೇಳಿ ಕೊರಳಿನ ದಾರವನ್ನು ತೆಗೆದು ಊಟದ ಮೇಜಿನ ಮೇಲಿಟ್ಟರು. ನನ್ನ ತಟ್ಟೆಯ ಪಕ್ಕದಲ್ಲಿ. "ಹೋಗೋದಾದ್ರೆ ಹೋಗು" ಎಂದರು. ಮಾರನೆಯ ದಿನ ನೋಡುತ್ತೇನೆ, ಕುರ್ಚಿಯನ್ನು ತಾವೇ ಎಳೆದುಕೊಂಡು ಹೋಗಿ ಕಿಟಕಿಯ ಹತ್ತಿರ ಹಾಕಿಕೊಂಡಿದ್ದಾರೆ. ಬಾಗಿಲಿಗೆ ಬೀಗವಿಲ್ಲ, ಬರೀ ಮುಚ್ಚಿದೆ.

ಬೀಗ ಇದ್ದಷ್ಟು ದಿನ ನಾನು ರಾಜನ ಹಾಗಿದ್ದೆ. ಯಾವ ಕ್ಷಣದಲ್ಲಾದರೂ ಹೋಗಬಲ್ಲೆ ಎಂಬ ಠೀವಿ ಇತ್ತು. ಮೊನ್ನೆ ನಿಂಬೆಹಣ್ಣು ತರುತ್ತೇನೆಂದು ಹೇಳಿ ಇಳಿದೆ. ನೇರವಾಗಿ ನಿನ್ನ ಬೇಕರಿಗೆ ಬರುವ ಯೋಚನೆಯಿತ್ತು, ಮುಚ್ಚಿಡುವುದೇಕೆ. ಬೀದಿಗೆ ಬಂದೆ. ಬಿಸಿಲು, ಗಾಡಿಗಳು, ಜನ, ಎಲ್ಲ ಇತ್ತು. ಕತ್ತೆತ್ತಿದೆ. ಏಳನೇ ಮಹಡಿಯ ಕಂಬಿಯ ಸಂದಿಯಿಂದ ಒಂದು ಕೈ ಹೊರಗೆ ಬಂದಿತ್ತು. ಬೀಸುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಮೊಣಕೈವರೆಗೆ ಚಾಚಿಕೊಂಡು ಸುಮ್ಮನಿತ್ತು. ನಿಂಬೆಹಣ್ಣು ಕೊಂಡು ವಾಪಸ್ ಹತ್ತಿದೆ. ಬಾಗಿಲನ್ನು ನಾನೇ ಮುಚ್ಚಿದೆ.

ಭಾನುವಾರ ಬೇಕರಿಗೆ ರಜೆ, ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದೀಯ. ಬಾ. ಬಿಸಿ ಬ್ರೆಡ್ಡು ತಾ, ಮೀನಿನವನ ಕೈಗೆ ಕೊಡಬೇಡ. ಆದರೆ ಒಂದು ಮಾತು. ಹೊಸ್ತಿಲ ಆಚೆಯೇ ನಿಂತು ಕೊಟ್ಟು ಹೋಗು. ಅವರು ಕರೆಯುತ್ತಾರೆ, ಅತ್ತರೂ ಅತ್ತಾರು. ಬರಬೇಡ. ಅವರು ಕರೆದರೆ ನೀನು ಹೇಗೂ ತಡೆದುಕೊಳ್ಳುತ್ತೀಯ, ಅದಕ್ಕಲ್ಲ ನನ್ನ ಭಯ.

ನಾನು ಕರೆದರೂ ಒಳಗೆ ಬರಬೇಡ.

ಇಂತಿ,
ನಿನ್ನ ಮಾವ